ತರಬೇತಿ ಮುಗಿದ ಮೇಲೆ ತರಗತಿಯಲ್ಲಿ ಏನಾಗುತ್ತದೆ?

ಸೊರಬ ತಾಲೂಕಿನ ಗುಡವಿ ಎಂದೊಡನೆ ಬಹುಮಂದಿಗೆ ನೆನಪಾಗುವುದು ಪಕ್ಷಿಧಾಮ. ಮಳೆಗಾಲದಲ್ಲಿ ಅಲ್ಲಿಯ ಕೆರೆಯ ಮರಗಳಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಪರಿಸರ ಅಧ್ಯಯನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಬೇಕೆ? ಆದರೆ ಮಕ್ಕಳನ್ನು ದಡಕ್ಕೆ ಕರೆದೊಯ್ದು ಏನನ್ನು ನೋಡಲು ಹೇಳಬೇಕು, ಯಾವ ಪ್ರಶ್ನೆ ಕೇಳಬೇಕು, ಮರಳಿ ಬಂದು ಏನು ಬರೆಸಬೇಕು ಎಂಬುದನ್ನು ಶಿಕ್ಷಕರು ಎಲ್ಲಿಯಾದರೂ ಕಲಿಯಲೇಬೇಕು. ಸೇವಾನಿರತ ತರಬೇತಿ ಇರುವುದು ಇದಕ್ಕಾಗಿಯೇ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ಕಲಿಕೆಯಲ್ಲಿ ತೊಡಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ.

ಗಂಟೆಗಳನ್ನು ಎಣಿಸುವುದು ಸುಲಭ. ಅವುಗಳಿಂದ ಪಾಠ ಸುಧಾರಿಸಿತೆ ಎಂದು ತಿಳಿಯುವುದು ಕಷ್ಟ.

ನಮ್ಮ ರಾಜ್ಯದ ನಲಿ-ಕಲಿಯನ್ನೇ ನೋಡೋಣ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕೆಲವು ಸರಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಒಂದೇ ಕೋಣೆಯಲ್ಲಿ ಹಲವು ತರಗತಿಗಳ ಮಕ್ಕಳಿಗೆ ಕಲಿಸುವ ಕ್ರಮವನ್ನು ಕಂಡು ಬಂದರು. ಅವರ ಶಾಲೆಗಳ ಕಷ್ಟವೂ ಅದೇ ಆಗಿತ್ತು. ಯುನಿಸೆಫ್ ನೆರವಿನಿಂದ ನಡೆದ ಈ ಪ್ರಯತ್ನದಲ್ಲಿ ಶಿಕ್ಷಕರೇ ಕುಳಿತು ಕಲಿಕಾ ಕಾರ್ಡುಗಳನ್ನೂ ಹಾಡು, ಆಟಗಳನ್ನೂ ಸಿದ್ಧಪಡಿಸಿದರು. ಇಲ್ಲಿ ತರಬೇತಿಯೂ ಕೆಲಸವೂ ಬೇರೆ ಬೇರೆ ಆಗಿರಲಿಲ್ಲ. 2009-10ರಿಂದ ಇದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಲಾಯಿತು. ಕಾರ್ಡುಗಳನ್ನು ಎಲ್ಲೆಡೆ ಹಂಚಬಹುದು. ಅವುಗಳನ್ನು ತಯಾರಿಸುವಾಗ ಆ ಶಿಕ್ಷಕರು ಪಡೆದ ಅನುಭವವನ್ನು ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಲಾಗದು.

ದೊಡ್ಡ ಪ್ರಮಾಣದ ತರಬೇತಿಯ ತೊಡಕು ಇಲ್ಲಿದೆ. ರಾಜ್ಯ ಮಟ್ಟದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲೂಕಿಗೆ ಕಲಿಸುತ್ತಾರೆ. ಮೂರನೆಯ ಕೈಗೆ ಬರುವಷ್ಟರಲ್ಲಿ ವಿಷಯ ತೆಳುವಾಗುತ್ತದೆ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ 60 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಅನುಭವಿಯೊಬ್ಬರು ಶಿಕ್ಷಕರ ಪಾಠ ನೋಡಿ ಮತ್ತೆ ಮತ್ತೆ ಸಲಹೆ ನೀಡಿದರೆ ಬೋಧನೆ ಚೆನ್ನಾಗಿ ಸುಧಾರಿಸುತ್ತದೆಂದೂ, ಮಕ್ಕಳ ಕಲಿಕೆಯೂ ಸ್ವಲ್ಪ ಮಟ್ಟಿಗೆ ಏರುತ್ತದೆಂದೂ ಕಂಡುಬಂತು. ಕಾರ್ಯಕ್ರಮ ದೊಡ್ಡದಾದಂತೆ ಫಲ ಕುಗ್ಗಿತ್ತು.

ಸರಕಾರಿ ವ್ಯವಸ್ಥೆಯಲ್ಲಿ ಈ ಭೇಟಿಯ ಹೊಣೆ ಸಿಆರ್‌ಪಿಗಳದು. ಶಾಲೆಗೆ ಬಂದವರು ಅಂಕಿಅಂಶ ತುಂಬಿಸಿಕೊಳ್ಳುವುದರಲ್ಲೇ ಸಮಯ ಕಳೆದರೆ ಪಾಠ ನೋಡುವುದು ಯಾವಾಗ? ಸಮೂಹ ಮಟ್ಟದ ಸಮಾಲೋಚನಾ ಸಭೆಯ ಮಾತೂ ಅಷ್ಟೇ. ಒಬ್ಬ ಶಿಕ್ಷಕಿ ತಮ್ಮ ತರಗತಿಯಲ್ಲಿ ಭಿನ್ನರಾಶಿ ಅರ್ಥವಾಗದ ಐದು ಮಕ್ಕಳ ಪುಸ್ತಕಗಳನ್ನು ಮುಂದಿಟ್ಟು ಚರ್ಚಿಸಿದರೆ ಆ ಸಭೆ ಸಾರ್ಥಕ. ಸುತ್ತೋಲೆ ಓದಿ ಮುಗಿಸುವುದಾದರೆ ಅದಕ್ಕೆ ಬಸ್ಸು ಹತ್ತಿ ಬರಬೇಕಾಗಿಲ್ಲ.

ನಮ್ಮ ಧರ್ಮಕೇಂದ್ರಗಳ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ವರ್ಷಾರಂಭದಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರನ್ನು ಕರೆಸಿ, ಒಂದು ದಿನದ ಶಿಬಿರ ನಡೆಸಿ, ಸಮೂಹ ಚಿತ್ರ ತೆಗೆಸಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. ಅದೇ ಹಣದಲ್ಲಿ ಅನುಭವಿ ನಿವೃತ್ತ ಶಿಕ್ಷಕರೊಬ್ಬರು ತಿಂಗಳಿಗೊಮ್ಮೆ ಬಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಪಾಠದ ಬಳಿಕ ಅರ್ಧ ಗಂಟೆ ಮಾತನಾಡುವ ಏರ್ಪಾಡು ಸಾಧ್ಯ. ಅವರ ಟಿಪ್ಪಣಿ ಶಿಕ್ಷಕರ ಬಳಿಯೇ ಉಳಿಯಲಿ. ಬಡ್ತಿಯ ಕಡತಕ್ಕೆ ಹೋಗುವುದೆಂದು ತಿಳಿದರೆ ಯಾರೂ ತಮ್ಮ ಕಷ್ಟ ಹೇಳಿಕೊಳ್ಳರು. ಇನ್ನೊಂದು ಮಾತು: ಇಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಉಳಿದವರ ಮೇಲೆ ಎಲ್ಲ ತರಗತಿಗಳ ಭಾರ ಬೀಳುತ್ತದೆ. ಆ ದಿನಗಳಿಗೆ ಬದಲಿ ಶಿಕ್ಷಕರನ್ನು ಒದಗಿಸುವ ಖರ್ಚನ್ನು ತರಬೇತಿಯ ಲೆಕ್ಕದಲ್ಲೇ ಸೇರಿಸಬೇಕು.