ಸುಣ್ಣದ ಡಬ್ಬಿ ಮತ್ತು ಮರಳಿ ಬರುವ ಉಸಿರು

ಹೈಸ್ಕೂಲಿನಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ನೀವೂ ನೋಡಿರುತ್ತೀರಿ. ಪರೀಕ್ಷೆ ಮುಗಿದ ಮೇಲೆ ನಾನು ಮರೆತೇಬಿಟ್ಟಿದ್ದ ಆ ಪ್ರಯೋಗ ಮತ್ತೆ ಎದುರಾದದ್ದು ಈಜಿಪ್ಟಿನ ಸಿನಾಯ್ ತೀರದಲ್ಲಿರುವ ದಹಾಬ್ ಎಂಬ ಊರಿನಲ್ಲಿ, ಒಂದು ಶೆಡ್ಡಿನ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದಾಗ. ಮುಂದೆ ಒಂದು ಪ್ಲಾಸ್ಟಿಕ್ ಡಬ್ಬಿ, ಪಕ್ಕದಲ್ಲಿ ಎರಡೂವರೆ ಕಿಲೋದಷ್ಟು ಸುಣ್ಣದ ಹರಳು. ‘ತುಂಬಿ’ ಎಂದರು ಮುಳುಗು ಕಲಿಸುವ ಗುರುಗಳು. ತುಂಬಿದೆ. ಅವರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಸರಸರ ಸದ್ದು. ಅಷ್ಟನ್ನೂ ವಾಪಸು ಸುರಿದು, ಖಾಲಿ ಡಬ್ಬಿಯನ್ನು ನನ್ನ ಕಡೆಗೆ ಸರಿಸಿ ‘ಶ್ವಯ್ಯ, ಶ್ವಯ್ಯ’ ಎಂದರು. ಅರಬ್ಬಿಯಲ್ಲಿ ಹಾಗೆಂದರೆ ಸ್ವಲ್ಪ ಸ್ವಲ್ಪವಾಗಿ, ನಿಧಾನವಾಗಿ ಎಂದರ್ಥ.

ಅಜ್ಜಿ ಅಕ್ಕಿ ಅಳೆಯುವಾಗ ಸೇರನ್ನು ಕುಲುಕಿ, ತಟ್ಟಿ, ಮತ್ತೆ ಸುರಿಯುತ್ತಿದ್ದದ್ದು ನೆನಪಾಯಿತು. ಹಾಗೆಯೇ ಮಾಡಿದೆ. ಮೂರನೆಯ ಸಲ ಸದ್ದು ಬರಲಿಲ್ಲ.

ಇಷ್ಟೊಂದು ಕಾಳಜಿ ಯಾಕೆಂದರೆ, ಈ ಡಬ್ಬಿಯೇ ರೀಬ್ರೀದರ್ ಎಂಬ ಯಂತ್ರದ ಜೀವಾಳ. ನಾನು ಮೊದಲು ನೀರಿಗಿಳಿಯಲು ಕಲಿತದ್ದು ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ, ಎಲ್ಲರಂತೆ ಸ್ಕೂಬಾ ಸಿಲಿಂಡರ್ ಹೊತ್ತು. ಸ್ಕೂಬಾದಲ್ಲಿ ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಮೇಲೆ ಹೋಗುತ್ತದೆ. ಇದೊಂದು ದೊಡ್ಡ ದುಂದುಗಾರಿಕೆ. ಎಳೆದುಕೊಂಡ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿದ್ದರೆ ಬಿಟ್ಟ ಗಾಳಿಯಲ್ಲೂ ಶೇ. 16–17 ಉಳಿದೇ ಇರುತ್ತದೆ. ಆಳಕ್ಕಿಳಿದಷ್ಟೂ ದುಂದು ಹೆಚ್ಚು. 30 ಮೀಟರ್ ಆಳದಲ್ಲಿ ಒತ್ತಡ ದಡದ ನಾಲ್ಕು ಪಟ್ಟು, ಹಾಗಾಗಿ ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿಸಿದರೆ 2,400 ಲೀಟರ್ ಗಾಳಿ. ಆ ಆಳದಲ್ಲಿ ಅದು ಅರ್ಧ ಗಂಟೆಗೆ ಖಾಲಿ. ಮೈಗೆ ನಿಜಕ್ಕೂ ಬೇಕಾದ ಆಮ್ಲಜನಕವಾದರೋ ಎಷ್ಟೇ ಆಳಕ್ಕೆ ಹೋದರೂ ಅಷ್ಟೇ: ನಿಧಾನಕ್ಕೆ ಈಜುವವರಿಗೆ ನಿಮಿಷಕ್ಕೆ ಸುಮಾರು ಒಂದು ಲೀಟರ್.

ರೀಬ್ರೀದರ್ ಆ ಒಂದು ಲೀಟರನ್ನಷ್ಟೇ ಕೊಡುತ್ತದೆ. ಬಿಟ್ಟ ಉಸಿರು ಕೊಳವೆಯ ಮೂಲಕ ಎದೆಯ ಮೇಲಿನ ಚೀಲಕ್ಕೆ ಹೋಗಿ, ಅಲ್ಲಿಂದ ಸುಣ್ಣದ ಡಬ್ಬಿಯನ್ನು ಹಾದು, ಮತ್ತೆ ಬಾಯಿಗೇ ಬರುತ್ತದೆ. ದಾರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಹಿಡಿದುಕೊಳ್ಳುತ್ತದೆ. ಕಡಿಮೆಯಾದಷ್ಟು ಆಮ್ಲಜನಕವನ್ನು ಪುಟ್ಟ ಸಿಲಿಂಡರೊಂದು ತುಂಬಿಕೊಡುತ್ತದೆ. ಸುಣ್ಣವೆಂದರೆ ಎಲೆಗೆ ಹಚ್ಚುವ ಅದೇ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೊತೆಗೆ ಚೂರು ಕಾಸ್ಟಿಕ್ ಸೋಡಾ. ಉಸಿರಿನ ಇಂಗಾಲವನ್ನು ಕುಡಿದು ಅದು ಮೆಲ್ಲಗೆ ಸುಣ್ಣದಕಲ್ಲಾಗುತ್ತದೆ. ಹಳೆಯ ಮನೆಗಳ ಗಾರೆ ವರ್ಷಗಟ್ಟಲೆ ಗಟ್ಟಿಯಾಗುತ್ತ ಹೋಗುವುದೂ ಇದೇ ರಸಾಯನದಿಂದ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಯಂತ್ರಕ್ಕೆ ಹಾಕುವ ಹರಳೂ ಇದೇ ಜಾತಿಯದು. ಡಬ್ಬಿ ಸಡಿಲವಾಗಿದ್ದರೆ ಮಾತ್ರ, ಒಡೆದ ಬದುವಿನಲ್ಲಿ ನೀರು ನುಗ್ಗುವಂತೆ, ಉಸಿರು ಸುಲಭದ ದಾರಿ ಹುಡುಕಿಕೊಂಡು ಸುಣ್ಣಕ್ಕೆ ತಾಗದೆಯೇ ದಾಟಿಬಿಡುತ್ತದೆ.

ಮೂರು ಲೀಟರಿನ ಸಿಲಿಂಡರಿನಲ್ಲಿ 600 ಲೀಟರ್ ಆಮ್ಲಜನಕ ಹಿಡಿಸುತ್ತದೆ. ಲೆಕ್ಕಕ್ಕೆ ಅದು ಹತ್ತು ಗಂಟೆಗೆ ಸಾಕು. ಅಷ್ಟು ಹೊತ್ತು ಸುಣ್ಣ ಬಾಳುವುದಿಲ್ಲ. ಮೂರು ಗಂಟೆಯ ಸುಮಾರಿಗೆ ಅದರ ಕಸುವು ಮುಗಿದಿರುತ್ತದೆ.

ಈ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲೇ ಇಂಥದ್ದೊಂದನ್ನು ಮಾಡಿದ್ದ. 1880ರಲ್ಲಿ ಸೆವರ್ನ್ ನದಿಯ ಅಡಿ ಕೊರೆಯುತ್ತಿದ್ದ ರೈಲು ಸುರಂಗಕ್ಕೆ ನೀರು ನುಗ್ಗಿದ್ದಾಗ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಅದನ್ನು ಹೊತ್ತು ಕಗ್ಗತ್ತಲಲ್ಲಿ ಮುನ್ನೂರು ಮೀಟರ್ ನಡೆದು ಹೋಗಿ ನೀರು ತಡೆಯುವ ಬಾಗಿಲು ಮುಚ್ಚಿ ಬಂದ. ಅವನ ಚೀಲದಲ್ಲಿದ್ದದ್ದು ಶುದ್ಧ ಆಮ್ಲಜನಕ. ಒತ್ತಡ ಏರಿದಾಗ ಆಮ್ಲಜನಕವೇ ವಿಷವಾಗಿ ಸೆಳವು ತರುತ್ತದೆಂದು ಪ್ಯಾರಿಸ್ಸಿನ ಪಾಲ್ ಬೇರ್ ಬರೆದದ್ದೂ 1878ರಲ್ಲೇ. ಈಗ ಶುದ್ಧ ಆಮ್ಲಜನಕದೊಡನೆ ಆರು ಮೀಟರ್ ದಾಟುವುದು ಬೇಡವೆನ್ನುತ್ತಾರೆ. ಮುಂದೆ ಸೈನ್ಯಗಳಿಗೆ ಈ ಯಂತ್ರ ಹಿಡಿಸಿದ್ದಕ್ಕೆ ಕಾರಣ, ಗುಳ್ಳೆ ಏಳುವುದಿಲ್ಲ ಎಂಬುದು. 1941ರ ಡಿಸೆಂಬರಿನಲ್ಲಿ ಇದೇ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿಗೆ ನೀರೊಳಗಿಂದ ನುಸುಳಿದ ಇಟಲಿಯವರು ಬ್ರಿಟನ್ನಿನ ಎರಡು ಯುದ್ಧನೌಕೆಗಳನ್ನು ಕೆಡವಿದರು. (ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಇತ್ತು, ಇವರಿಗೆ ಸುಣ್ಣ.)

ನನ್ನ ಮೊದಲ ಮುಳುಗು ನಗೆಪಾಟಲಾಯಿತು. ಸ್ಕೂಬಾದಲ್ಲಿ ಉಸಿರೆಳೆದರೆ ಮೈ ತುಸು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ವರ್ಷಗಳಿಂದ ಅದು ಅಭ್ಯಾಸ. ಇಲ್ಲಿ ಎದೆಯಿಂದ ಹೋದದ್ದು ಚೀಲಕ್ಕೆ, ಚೀಲದ್ದು ಎದೆಗೆ. ಎಷ್ಟು ಜೋರಾಗಿ ಎಳೆದರೂ ಮೈ ಕದಲದು. ಮರಳ ದಿಣ್ಣೆ ಎದುರಾದಾಗ ಹಳೆಯ ಚಾಳಿಯಂತೆ ದೀರ್ಘ ಉಸಿರೆಳೆದು, ನೇರ ಹೋಗಿ ಮರಳಿಗೆ ಮೂಗು ತಾಗಿಸಿದೆ. ಗುರುಗಳು ಪಕ್ಕದಲ್ಲಿ ಕೈಕಟ್ಟಿಕೊಂಡು ತೇಲುತ್ತಿದ್ದರು. ಎಬ್ಬಿಸಲು ಬರಲಿಲ್ಲ, ನಾನೇ ಏಳುವವರೆಗೆ ಕಾದರು.

ಆದರೆ ಅವರು ಕಲಿಸಬೇಕಾದದ್ದು ತೇಲುವುದನ್ನಲ್ಲ. ಉಸಿರು ಬಿಗಿಹಿಡಿದಾಗ ಎದೆ ಒದ್ದಾಡುತ್ತದಲ್ಲ, ಅದು ಆಮ್ಲಜನಕ ಮುಗಿಯಿತೆಂಬ ಕೂಗಲ್ಲ. ಇಂಗಾಲದ ಡೈಆಕ್ಸೈಡ್ ಏರಿತೆಂಬ ಕೂಗು. ಸುಣ್ಣ ಅದನ್ನು ಅಳಿಸಿಹಾಕುತ್ತಿದ್ದರೆ ಕೂಗುವವರೇ ಇಲ್ಲ. ಆಮ್ಲಜನಕ ಮುಗಿದರೂ ಉಸಿರು ಹಿತವಾಗಿಯೇ ಆಡುತ್ತಿರುತ್ತದೆ, ಆಮೇಲೆ ದೀಪ ಆರಿದಂತೆ ಪ್ರಜ್ಞೆ ಹೋಗುತ್ತದೆ. ಹಾಗಾಗಿ ಯಂತ್ರದಲ್ಲಿ ಆಮ್ಲಜನಕ ಅಳೆಯುವ ಮೂರು ಸೆನ್ಸರ್ ಇಟ್ಟಿರುತ್ತಾರೆ, ಒಂದು ಸುಳ್ಳು ಹೇಳಿದರೆ ಉಳಿದೆರಡರಿಂದ ಗೊತ್ತಾಗಲಿ ಎಂದು. ಅವು ಹೇಳುವ ಆಮ್ಲಜನಕದ ಒತ್ತಡ, ಬಾರ್ ಲೆಕ್ಕದಲ್ಲಿ, ಮಣಿಕಟ್ಟಿನ ಪರದೆಯಲ್ಲಿ ಬರುತ್ತದೆ: ದಡದ ಗಾಳಿಯಲ್ಲಿ 0.21, ನೀರೊಳಗೆ ನಾವು ಇಟ್ಟುಕೊಂಡದ್ದು 1.2. ಅದು 1.6 ದಾಟಬಾರದು, 0.16ಕ್ಕಿಂತ ಕೆಳಗಿಳಿಯಲೂ ಬಾರದು.

ನಾಲ್ಕನೆಯ ದಿನ 12 ಮೀಟರ್ ಆಳದಲ್ಲಿದ್ದೆವು. ಗುಳ್ಳೆಯ ಗಲಾಟೆ ಇಲ್ಲದ ನೀರು ಎಷ್ಟು ನಿಶ್ಶಬ್ದವೆಂದರೆ ಗಿಳಿಮೀನೊಂದು ಹವಳವನ್ನು ಕರಕರ ಕಡಿಯುವುದು ಕೇಳಿಸುತ್ತಿತ್ತು. ಅದು ನನ್ನಿಂದ ಮೊಳ ದೂರದಲ್ಲಿ, ನನ್ನನ್ನು ಲೆಕ್ಕಕ್ಕೇ ಇಡದೆ ಕಡಿಯುತ್ತ, ಹಿಂದಿನಿಂದ ಬಿಳಿ ಮರಳು ಉದುರಿಸುತ್ತ ಇತ್ತು. ಮೈಮರೆತೆ. ಹೆಗಲ ಮೇಲೆ ಬೆರಳು ತಾಗಿತು. ಗುರುಗಳು ನನ್ನ ಮಣಿಕಟ್ಟು ತೋರಿಸಿದರು: 0.71. ಅವರು ನನ್ನ ಬೆನ್ನ ಹಿಂದೆ ಬಂದು ಆಮ್ಲಜನಕದ ನಲ್ಲಿ ಮುಚ್ಚಿ ಮೂರು ನಿಮಿಷವಾಗಿತ್ತಂತೆ. ನನಗೆ ಏನೂ ಅನ್ನಿಸಿರಲಿಲ್ಲ. ತಲೆ ಭಾರವಿಲ್ಲ, ಏದುಸಿರಿಲ್ಲ, ಸುಖವಾಗಿದ್ದೆ. ಅವರು ಸ್ಲೇಟಿನ ಮೇಲೆ ಬರೆದು ತೋರಿಸಿದರು: ಈಗ ಏನು ಮಾಡುತ್ತೀರಿ? ಪಕ್ಕದಲ್ಲಿ ನೇತುಹಾಕಿಕೊಂಡಿದ್ದ ಮಾಮೂಲಿ ಸ್ಕೂಬಾ ಸಿಲಿಂಡರಿಗೆ ಬಾಯಿ ಬದಲಿಸಿದೆ. ನಲ್ಲಿ ಬಿಚ್ಚಿದ ಮೇಲೆ ಸ್ಲೇಟು ಒರೆಸಿ, ಅದೇ ಪಾಠವನ್ನು ಮೊದಲಿಂದ ಶುರುಮಾಡಿದರು.

ಮೇಲೆ ಬಂದು ಡಬ್ಬಿ ಬಿಚ್ಚಿದಾಗ ಸುಣ್ಣ ಇನ್ನೂ ಬೆಚ್ಚಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಬೆಳಿಗ್ಗೆ ತುಂಬಿದ ಹರಳಿಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವೇ ಇಲ್ಲ, ಅದೇ ಬಿಳುಪು. ‘ಇನ್ನೂ ಒಂದೂವರೆ ಗಂಟೆ ಬಾಕಿ ಇದೆಯಲ್ಲ, ನಾಳೆಗೆ ಇಟ್ಟುಕೊಳ್ಳೋಣವೇ?’ ಎಂದು ಕೇಳಿದೆ. ಅವರು ಉತ್ತರ ಕೊಡದೆ ಬಕೆಟ್ಟನ್ನು ನನ್ನ ಮುಂದಕ್ಕೆ ತಳ್ಳಿದರು. ಸುರಿದೆ. ಖಾಲಿ ಡಬ್ಬಿಯ ಮೇಲೆ ಅವರು ಅಂಟುಪಟ್ಟಿ ಹಚ್ಚಿ, ದಿನಾಂಕ ಬರೆದು, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಖಾಲಿ’ ಎಂದೂ ಬರೆದರು.