ದೀಪದ ಬೆಳಕಿಗೊಂದು ಲೆನ್ಸು

೨೦೨೨ನೆಯ ಇಸವಿಯ ದೀಪಾವಳಿಯಂದು ಮಲೆನಾಡಿನ ನಮ್ಮ ಹಿರಿಯರ ಮನೆಯಲ್ಲಿ ನಾವೊಂದು ಛಾಯಾಚಿತ್ರವನ್ನು ತೆಗೆದೆವು. ನಡುಮನೆಯಲ್ಲಿ ದೇವರ ಮಂಟಪದ ಮುಂದೆ ದೊಡ್ಡಪ್ಪನವರೂ ದೊಡ್ಡಮ್ಮನೂ ಜೊತೆಯಾಗಿ ಕುಳಿತಿದ್ದರು. ಎದುರಿಗೆ ಎರಡು ಕಾಲುದೀಪಗಳು; ಮೇಲೆ ತೊಲೆಯಿಂದ ಇಳಿಬಿಟ್ಟ ಒಂದೇ ಒಂದು ವಿದ್ಯುದ್ದೀಪ. ಕ್ಯಾಮರಾ ಹೊಸದು, ಒಳಗೆ ಕನ್ನಡಿಯಿಲ್ಲದ, ಅಂಗಡಿಯವರು ಮಿರರ್‌ಲೆಸ್ ಎಂದು ಕರೆಯುವ ಜಾತಿಯದು. ಚಿತ್ರ ಮಾತ್ರ ಕೆಟ್ಟಿತು. ಗೋಡೆ, ಕಂಬ, ಮಂಟಪದ ಕೆತ್ತನೆ ಎಲ್ಲವೂ ಗೆರೆ ಕೊರೆದಂತೆ ಬಂದಿವೆ. ಆ ಇಬ್ಬರ ಮುಖಗಳು ಕದಡಿದ ನೀರಿನಲ್ಲಿ ಕಂಡಂತಿವೆ. ಆ ಕ್ಷಣದಲ್ಲಿ ದೊಡ್ಡಪ್ಪನವರು ಏನನ್ನೋ ಹೇಳುತ್ತ ದೊಡ್ಡಮ್ಮನ ಕಡೆಗೆ ತಿರುಗಿದ್ದರು. ಮುಂದಿನ ದೀಪಾವಳಿಗೆ ಅವರು ಇರಲಿಲ್ಲ. ಕೊನೆಗಾಲದಲ್ಲಿ ಅವರಿಬ್ಬರೂ ಜೊತೆಯಾಗಿ ಕುಳಿತ ಚಿತ್ರವೆಂದು ನಮ್ಮಲ್ಲಿ ಉಳಿದಿರುವುದು ಅದೊಂದೇ.

ತಪ್ಪು ಕ್ಯಾಮರಾದ್ದೆಂದು ಮೊದಲು ಬಗೆದೆವು. ಬಳಿಕ ನಮ್ಮ ಕೈಯದೆಂದು ನಾಚಿದೆವು. ವಿಚಾರಿಸಿ ನೋಡಲಾಗಿ ಎರಡೂ ಅಲ್ಲ. ಕ್ಯಾಮರಾದೊಡನೆ ಪೆಟ್ಟಿಗೆಯಲ್ಲಿಯೇ ಬಂದಿದ್ದ ಜೂಮ್ ಲೆನ್ಸಿಗೆ ಆ ಮಂದ ಬೆಳಕು ಸಾಲದೆ, ಯಂತ್ರವು ತನ್ನ ಷಟರನ್ನು ಒಂದು ಸೆಕೆಂಡಿನ ೧೨ನೆಯ ಒಂದಂಶದಷ್ಟು ಕಾಲ ತೆರೆದಿಟ್ಟಿತ್ತು. ನಮ್ಮ ಕೈನಡುಕವನ್ನು ಒಳಗಿನ ಉಪಾಯವು ಸರಿಪಡಿಸಿತು. ಆದುದರಿಂದಲೇ ಕಂಬ ಕಂಬದಂತೆ ನಿಂತಿದೆ. ಕುಳಿತವರು ಅಲುಗಿದರೆ ಆ ಉಪಾಯವು ಏನು ಮಾಡೀತು? ಅಷ್ಟು ಹೊತ್ತಿನಲ್ಲಿ ಮನುಷ್ಯನು ಅರ್ಧ ನಗೆಯನ್ನು ಮುಗಿಸಿರುತ್ತಾನೆ. "ಅಲುಗಾಟವನ್ನು ತಡೆಯುವ ಯುಕ್ತಿ ಇದರಲ್ಲಿದೆ" ಎಂದು ಅಂಗಡಿಯಲ್ಲಿ ಹೇಳುವಾಗ, ಅದು ಹಿಡಿದವರ ಅಲುಗಾಟವೇ ಹೊರತು ಕುಳಿತವರದಲ್ಲ ಎಂಬುದನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಲೆನ್ಸಿನ ಅಂಚಿನಲ್ಲಿ ಎರಡು ಅಂಕಗಳಿರುತ್ತವೆ. ೫೦ ಮಿ.ಮೀ. ಎಂಬಂಥದು ಸಂಗಮದೂರ, ನೋಟದ ಅಗಲವು ಅದರಿಂದ ನಿರ್ಣಯವಾಗುತ್ತದೆ. ಎಫ್ ೧.೮ ಎಂಬಂಥದು ಬೆಳಕು ಒಳಬರುವ ಕಂಡಿಯ ಅಳತೆ. ಸಂಗಮದೂರವನ್ನು ಕಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದಾದುದರಿಂದ, ಅಂಕವು ಚಿಕ್ಕದಾದಷ್ಟೂ ಕಂಡಿ ದೊಡ್ಡದು. ೫೦ ಮಿ.ಮೀ. ಲೆನ್ಸಿನಲ್ಲಿ ಎಫ್ ೫.೬ ಎಂದರೆ ಸುಮಾರು ೯ ಮಿ.ಮೀ. ಅಗಲದ ಕಂಡಿ, ಎಫ್ ೧.೮ ಎಂದರೆ ಸುಮಾರು ೨೮ ಮಿ.ಮೀ. ಅಗಲದ್ದು. ವ್ಯಾಸವು ಮೂರು ಪಟ್ಟಾದರೆ ಒಳಬರುವ ಬೆಳಕು ಒಂಬತ್ತು ಪಟ್ಟಾಗುತ್ತದೆ. ಇಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು. ಆ ದಿನ ನಮ್ಮ ಕೈಯಲ್ಲಿ ಅಂಥ ಲೆನ್ಸು ಇದ್ದಿದ್ದರೆ ಸೆಕೆಂಡಿನ ೧೨ನೆಯ ಒಂದಂಶದ ಬದಲು ೧೨೦ನೆಯ ಒಂದಂಶ ಸಾಕಾಗುತ್ತಿತ್ತು. ಮಾತನಾಡುತ್ತಿರುವ ಮುದುಕರ ಮುಖವನ್ನು ಹಿಡಿಯಲು ಅಷ್ಟು ಸಾಲುತ್ತದೆ. ಹೀಗೆ ಬೇಗನೆ ಕೆಲಸ ಮುಗಿಸುವುದರಿಂದಲೇ ದೊಡ್ಡ ಕಂಡಿಯದಕ್ಕೆ ವೇಗದ ಲೆನ್ಸು ಎಂಬ ಹೆಸರು ಬಂದಿದೆ. ಇವುಗಳಲ್ಲಿ ಗೃಹಸ್ಥನ ಕೈಗೆಟಕುವಂಥವು ಬಹುಮಟ್ಟಿಗೆ ಸಂಗಮದೂರವನ್ನು ಬದಲಿಸಲು ಬಾರದ ಲೆನ್ಸುಗಳು. ಪ್ರೈಮ್ ಎಂದು ಇವನ್ನೇ ಕರೆಯುವುದು.

"ಫ್ಲಾಷ್ ಹಾಕಬಹುದಾಗಿತ್ತಲ್ಲ?" ಎಂದು ಕೇಳುವವರುಂಟು. ಹಾಕಬಹುದಾಗಿತ್ತು. ಆದರೆ ದೊಡ್ಡಮ್ಮನಿಗೆ ಆಗತಾನೆ ಕಣ್ಣಿನ ಪೊರೆ ತೆಗೆಸಿತ್ತು. ಮಿಂಚು ಹೊಡೆದರೆ ಮುಖ ತಿರುಗಿಸುತ್ತಿದ್ದರು. ಅಲ್ಲದೆ ಫ್ಲಾಷಿನ ಮುಂದೆ ಕಾಲುದೀಪದ ಬೆಳಕು ಎಲ್ಲಿ ಉಳಿದೀತು? ಯಾವ ಬೆಳಕಿಗಾಗಿ ಚಿತ್ರವನ್ನು ತೆಗೆಯಬೇಕೆನಿಸಿತೋ ಅದೇ ಅಳಿಸಿಹೋಗುತ್ತದೆ. ಸೆನ್ಸರಿನ ಸೂಕ್ಷ್ಮತೆಯನ್ನು, ಎಂದರೆ ಐ.ಎಸ್.ಓ. ಅಂಕವನ್ನು, ಏರಿಸುವುದು ಇನ್ನೊಂದು ದಾರಿ. ಈಗಿನ ಕ್ಯಾಮರಾಗಳಲ್ಲಿ ಅದೂ ಬಹಳ ಸುಧಾರಿಸಿದೆ. ಆದರೂ ಮಿತಿಮೀರಿದರೆ ಮುಖದ ಮೇಲೆಲ್ಲ ಸಣ್ಣ ಮರಳನ್ನು ಎರಚಿದಂತಾಗುತ್ತದೆ.

ಇದ್ದ ಬೆಳಕಿನಲ್ಲಿಯೇ ಚಿತ್ರ ತೆಗೆಯಬೇಕೆಂಬ ಹಂಬಲವು ಹಳೆಯದು. ಜರ್ಮನಿಯ ಲೈಕಾ ಕ್ಯಾಮರಾ ೧೯೨೫ರಲ್ಲಿ ಮಾರಾಟಕ್ಕೆ ಬಂದಾಗ ಅದರ ೫೦ ಮಿ.ಮೀ. ಲೆನ್ಸಿನ ಕಂಡಿ ಎಫ್ ೩.೫ ಮಾತ್ರ. ಅದಕ್ಕೆ ತುಸು ಮುಂಚೆಯೇ ಲುಡ್ವಿಗ್ ಬರ್ಟೆಲೆ ಎಂಬ ತರುಣನು ಎಫ್ ೨ ಅಳತೆಯ ಲೆನ್ಸೊಂದನ್ನು ರೂಪಿಸಿದ್ದನು. ಅಂಥ ಲೆನ್ಸಿನ ಎರ್ಮನಾಕ್ಸ್ ಎಂಬ ಪುಟ್ಟ ಕ್ಯಾಮರಾವನ್ನು ಹಿಡಿದು ಎರಿಕ್ ಸಾಲೊಮನ್ ಎಂಬುವರು ಆ ದಶಕದ ಕೊನೆಯಲ್ಲಿ ನ್ಯಾಯಾಲಯಗಳಿಗೂ ರಾಜಕಾರಣಿಗಳ ರಾತ್ರಿಯ ಸಭೆಗಳಿಗೂ ನುಗ್ಗಿ, ಮಿಂಚುಪುಡಿಯನ್ನು ಸುಡದೆ ಚಿತ್ರಗಳನ್ನು ತೆಗೆದರು. ಇನ್ನೂ ಮುಂದೆ ಹೋದವರುಂಟು. ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾಕ್ಕಾಗಿ ಝೈಸ್ ಕಂಪನಿಯು ಎಫ್ ೦.೭ ಅಳತೆಯ ೫೦ ಮಿ.ಮೀ. ಲೆನ್ಸುಗಳನ್ನು ೧೯೬೬ರಲ್ಲಿ ಮಾಡಿತು. ಸ್ಟ್ಯಾನ್ಲಿ ಕ್ಯೂಬ್ರಿಕ್ ಅವುಗಳಲ್ಲಿ ಕೆಲವನ್ನು ಕೊಂಡು, ೧೯೭೫ರಲ್ಲಿ ತೆರೆಕಂಡ 'ಬ್ಯಾರಿ ಲಿಂಡನ್' ಚಿತ್ರದ ಕೋಣೆಯ ದೃಶ್ಯಗಳನ್ನು ಮೇಣದ ಬತ್ತಿಗಳ ಬೆಳಕಿನಲ್ಲಿಯೇ ತೆಗೆದನು. ಆದರೆ ಆ ದೃಶ್ಯಗಳಲ್ಲಿ ನಟರು ಹೆಚ್ಚು ಅಲುಗುವಂತಿರಲಿಲ್ಲ. ತುಸು ಮುಂದೆ ಬಾಗಿದರೂ ಮುಖವು ಮಸಕಾಗುತ್ತಿತ್ತು. ಮನೆಯವರು ಇದನ್ನು ಚೆನ್ನಾಗಿ ಗಮನಿಸತಕ್ಕದ್ದು. ಏಕೆಂದರೆ ನಟರಿಗೆ "ಅಲ್ಲಾಡಬೇಡಿ" ಎನ್ನಬಹುದು. ನಾಲ್ಕು ವರ್ಷದ ಮಗುವಿಗೆ ಹಾಗೆ ಹೇಳಿ ಯಾರೂ ಗೆದ್ದುದನ್ನು ನಾವು ಕಾಣೆವು.

ಕಂಡಿ ಹಿಗ್ಗಿದಂತೆ ಚಿತ್ರದಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳವು ಕುಗ್ಗುತ್ತದೆ. ೩೬ ಮತ್ತು ೨೪ ಮಿ.ಮೀ. ಅಳತೆಯ ದೊಡ್ಡ ಸೆನ್ಸರಿನ ಕ್ಯಾಮರಾದಲ್ಲಿ, ಒಂದು ಮೀಟರ್ ದೂರದ ಮುಖಕ್ಕೆ ೫೦ ಮಿ.ಮೀ. ಲೆನ್ಸನ್ನು ಎಫ್ ೧.೮ಕ್ಕೆ ತೆರೆದರೆ ಆ ಆಳ ಸುಮಾರು ೪ ಸೆಂ.ಮೀ.; ಎಫ್ ೧.೨ಕ್ಕೆ ತೆರೆದರೆ ೩ ಸೆಂ.ಮೀ.ಗೂ ಕಡಮೆ. ಕಣ್ಣು ತಿಳಿಯಾಗಿದ್ದು ಕಿವಿಯ ಓಲೆ ಮಸಕಾಗುವುದು ಇದರಿಂದಲೇ. ಎರಡು ಸಾಲಾಗಿ ಕುಳಿತ ಬಂಧುಗಳ ಚಿತ್ರಕ್ಕೆ ಇಂಥ ಲೆನ್ಸನ್ನೂ ಎಫ್ ೪ಕ್ಕೆ ಇಳಿಸಬೇಕು. ಆಗ ಮೂರು ಮೀಟರ್ ದೂರದಲ್ಲಿ ಮುಕ್ಕಾಲು ಮೀಟರಿಗೂ ಮೀರಿದ ಆಳ ದೊರೆಯುತ್ತದೆ.

ಹೀಗಿರುವಾಗ ಎಫ್ ೧.೨ ಎಂಬ ಪ್ರಲೋಭನೆಗೆ ಗೃಹಸ್ಥರು ಏಕೆ ಒಳಗಾಗಬೇಕು? ೧.೮ಕ್ಕಿಂತ ಅದು ತರುವ ಬೆಳಕು ಎರಡೂಕಾಲು ಪಟ್ಟು, ನಿಜ. ಆದರೆ ಕ್ಯಾನನ್ ಕಂಪನಿಯ ಆರ್.ಎಫ್. ೫೦ ಮಿ.ಮೀ. ಎಫ್ ೧.೮ರ ತೂಕ ೧೬೦ ಗ್ರಾಂ. ಅದೇ ಕಂಪನಿಯ ಎಫ್ ೧.೨ರದು ೯೫೦ ಗ್ರಾಂ. ಬೆಲೆಯಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರ. ನಿಕಾನ್‌ನ ಎಫ್ ೧.೨ ಲೆನ್ಸಂತೂ ಒಂದು ಕಿಲೋಗ್ರಾಮನ್ನು ದಾಟುತ್ತದೆ. ಕುತ್ತಿಗೆಗೆ ಅಂಥದನ್ನು ತೂಗುಹಾಕಿಕೊಂಡು ಮದುವೆಮನೆಯಲ್ಲಿ ಬಡಿಸಲು ಹೋಗುವವರು ಯಾರು? ವೃತ್ತಿಯವರ ಮಾತು ಬೇರೆ. ಎಫ್ ೧.೪ರ ವಿಷಯದಲ್ಲಿ ನಾವು ಇಷ್ಟು ಕಠಿಣರಲ್ಲ, ಆದರೂ ೧.೮ಕ್ಕಿಂತ ಅದರ ಲಾಭ ಒಂದೂವರೆ ಪಟ್ಟಿಗೆ ತುಸು ಮೇಲೆ ಅಷ್ಟೆ.

ಕನ್ನಡಿಯಿಲ್ಲದಿರುವುದರಿಂದ ಇಂಥ ಲೆನ್ಸಿಗೆ ಒಂದು ದೊಡ್ಡ ಉಪಕಾರವಾಗಿದೆ. ಹಿಂದಿನ ಎಸ್.ಎಲ್.ಆರ್. ಕ್ಯಾಮರಾಗಳಲ್ಲಿ ಕಣ್ಣಿಗೆ ನೋಟವನ್ನು ತೋರಿಸುವ ಕನ್ನಡಿಯೊಂದಿದ್ದು, ಅದು ಮೇಲೇಳಲು ಜಾಗ ಬೇಕಾಗಿದ್ದುದರಿಂದ ಲೆನ್ಸು ಸೆನ್ಸರಿನಿಂದ ದೂರದಲ್ಲಿ ನಿಲ್ಲಬೇಕಾಗಿತ್ತು. ನಿಕಾನ್‌ನ ಹಳೆಯ ಪದ್ಧತಿಯಲ್ಲಿ ಈ ದೂರ ೪೬.೫ ಮಿ.ಮೀ.; ೨೦೧೮ರಲ್ಲಿ ಬಂದ ಕನ್ನಡಿಯಿಲ್ಲದ ಪದ್ಧತಿಯಲ್ಲಿ ೧೬ ಮಿ.ಮೀ. ಮಾತ್ರ. ಇದಕ್ಕಿಂತ ಮುಖ್ಯವಾದದ್ದು, ಬಿಂಬವು ಸ್ಪಷ್ಟವಾಗಿದೆಯೇ ಎಂಬುದನ್ನು ಈಗ ಚಿತ್ರ ಬೀಳುವ ಸೆನ್ಸರೇ ಅಳೆಯುತ್ತದೆ. ಹಿಂದೆ ಇದಕ್ಕೆ ಬೇರೊಂದು ಅಂಗವಿದ್ದು, ಎರಡರ ನಡುವೆ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿನ ಬದಲು ಮೂಗಿನ ತುದಿ ತಿಳಿಯಾಗುತ್ತಿತ್ತು. ಈಗಿನವು ಮುಖದಲ್ಲಿ ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ. ನಾಲ್ಕು ಸೆಂಟಿಮೀಟರಿನ ಆಳವನ್ನು ನಮ್ಮಂಥ ಅನನುಭವಿಗಳು ನೆಚ್ಚುವಂತಾದದ್ದು ಇದರಿಂದ.

ಇನ್ನು ನಮ್ಮ ಎರಡನೆಯ ತಪ್ಪನ್ನು ಹೇಳುವೆವು. ೨೦೨೩ರ ದೀಪಾವಳಿಗೆ ಮುಂಚೆ ವೇಗದ ಲೆನ್ಸನ್ನು ಕೊಳ್ಳಹೋದಾಗ ಅಂಗಡಿಯಲ್ಲಿ "ಸ್ಟ್ಯಾಂಡರ್ಡ್ ಎಂದರೆ ೫೦" ಎಂದರು. ನಾವೂ ತಲೆಯಾಡಿಸಿ ಹಣ ತೆತ್ತು ತಂದೆವು. ಹಬ್ಬದ ದಿನ ದೊಡ್ಡಮ್ಮನನ್ನೂ ಮೊಮ್ಮಗಳನ್ನೂ ದೀಪಗಳೊಡನೆ ಕೂರಿಸಿ ನೋಡಿದರೆ, ದೊಡ್ಡಮ್ಮ ಬಂದರೆ ಮಗುವಿಲ್ಲ, ಮಗು ಬಂದರೆ ದೀಪವಿಲ್ಲ! ಹಿಂದೆ ಸರಿದು ಗೋಡೆಗೆ ಬೆನ್ನು ತಾಗಿತು. ಹೊಸ್ತಿಲು ದಾಟಿ ಜಗಲಿಗೆ ಹೋದರೆ ನಡುವೆ ಕಂಬ ಬಂತು. ಆ ವರ್ಷವೂ ಹಾಗೆಯೇ ಕಳೆಯಿತು.

ಲೆಕ್ಕ ಹೀಗೆ. ೫೦ ಎಂಬುದು ಸ್ಟ್ಯಾಂಡರ್ಡ್ ಆದದ್ದು ಲೈಕಾ ಕಾಲದಿಂದ ಬಂದ ೩೬ ಮತ್ತು ೨೪ ಮಿ.ಮೀ. ಚೌಕಟ್ಟಿಗೆ, ಆ ಚೌಕಟ್ಟಿನ ಕರ್ಣವು ೪೩ ಮಿ.ಮೀ. ಇದ್ದು, ಅದಕ್ಕೆ ಸಮೀಪದ ಸಂಗಮದೂರವು ಸಹಜವಾದ ನೋಟವನ್ನು ಕೊಡುತ್ತದೆ. ನಮ್ಮ ಕ್ಯಾಮರಾದ್ದು ಎ.ಪಿ.ಎಸ್.-ಸಿ. ಎಂಬ ಚಿಕ್ಕ ಸೆನ್ಸರು; ಅಗಲ ೨೩.೫ ಮಿ.ಮೀ. ಅದರಲ್ಲಿ ೫೦ ಮಿ.ಮೀ. ಲೆನ್ಸು ದೊಡ್ಡದರಲ್ಲಿ ೭೫ರಂತೆ ವರ್ತಿಸುತ್ತದೆ. ಹನ್ನೆರಡಡಿಯ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತರೂ ಕುಳಿತವರಿಗೂ ನಮಗೂ ನಡುವೆ ಸಿಕ್ಕುವುದು ಎಂಟಡಿ. ಎಂಟಡಿಯಿಂದ ನಮ್ಮ ೫೦ಕ್ಕೆ ಕಂಡದ್ದು ಮೂರು ಮುಕ್ಕಾಲು ಅಡಿಯ ಅಗಲ, ೩೫ ಮಿ.ಮೀ. ಆಗಿದ್ದರೆ ಐದೂಕಾಲು ಅಡಿಗೂ ಮೀರಿ ಕಾಣುತ್ತಿತ್ತು. ದೊಡ್ಡ ಸೆನ್ಸರಿನವರಿಗೆ ಅದೇ ಎಂಟಡಿಯಿಂದ ೫೦ ಐದೂಮುಕ್ಕಾಲು ಅಡಿಯನ್ನೂ ೩೫ ಎಂಟಡಿಗೂ ಹೆಚ್ಚನ್ನೂ ತೋರಿಸುತ್ತದೆ. ಅಂತೂ ದೊಡ್ಡ ಸೆನ್ಸರಿಗೆ ೫೦ ಅಥವಾ ೪೦, ಎ.ಪಿ.ಎಸ್.-ಸಿ.ಗೆ ೩೫ರ ಸುತ್ತಮುತ್ತ, ಅದಕ್ಕಿಂತಲೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಜಾತಿಗೆ ೨೫.

ಇದನ್ನು ಕಾಸು ಖರ್ಚಿಲ್ಲದೆ ಪರೀಕ್ಷಿಸುವ ಉಪಾಯವೊಂದುಂಟು. ಕ್ಯಾಮರಾದೊಡನೆ ಬಂದ ಜೂಮ್ ಲೆನ್ಸನ್ನು ೩೫ಕ್ಕೆ ತಿರುಗಿಸಿ, ಬಳೆ ಅಲ್ಲಾಡದಂತೆ ಮೇಲೊಂದು ಅಂಟುಪಟ್ಟಿಯನ್ನು ಸುತ್ತಿ, ಒಂದು ವಾರ ಮನೆಯಲ್ಲಿ ಹಾಗೆಯೇ ಚಿತ್ರ ತೆಗೆಯಿರಿ. ಮುಂದಿನ ವಾರ ೫೦ಕ್ಕೆ ಇಟ್ಟು ಹಾಗೆಯೇ ಮಾಡಿರಿ. ಹಜಾರದಲ್ಲಿ ಎಷ್ಟು ಸಲ ಗೋಡೆಗೆ ಬೆನ್ನು ತಾಗಿತೆಂಬುದನ್ನು ಎಣಿಸಿದರೆ, ಯಾವ ಅಂಗಡಿಯವನ ಉಪದೇಶವೂ ಬೇಕಾಗುವುದಿಲ್ಲ. ನಾವು ಈ ಕೆಲಸವನ್ನು ಹಣ ತೆತ್ತ ಮೇಲೆ ಮಾಡಿದೆವು.

ಕೊಳ್ಳುವಾಗ ಹೆಸರುಗಳ ಗೊಂದಲಕ್ಕೆ ಬೀಳಬೇಕಾಗಿಲ್ಲ. ಸೋನಿಯ ದೊಡ್ಡ ಸೆನ್ಸರಿಗೆ ಎಫ್.ಇ. ೫೦ ಎಫ್ ೧.೮ ಇದೆ, ೧೮೬ ಗ್ರಾಂ. ನಿಕಾನ್‌ನ ಎಫ್ ೧.೮ ಮಾತ್ರ ೪೧೫ ಗ್ರಾಂ ತೂಗುವುದರಿಂದ, ಹಗುರವಾದದ್ದು ಬೇಕೆನ್ನುವವರು ೧೭೦ ಗ್ರಾಮಿನ ೪೦ ಎಫ್ ೨ನ್ನು ನೋಡಬಹುದು. ಫ್ಯೂಜಿಯವರ ೩೫ ಎಫ್ ೨ ಕೂಡ ೧೭೦ ಗ್ರಾಂ. ಜಡಿಮಳೆಯ ಸೀಮೆಯವರಿಗೆ ತುಂತುರನ್ನು ತಾಳುವ ಅದರ ಮೈಕಟ್ಟು ಅನುಕೂಲ. ಫಿಲ್ಮಿನ ಕಾಲದ ಹಳೆಯ ೫೦ ಎಫ್ ೧.೮ ಲೆನ್ಸುಗಳು ಅಡಾಪ್ಟರ್ ಎಂಬ ಬಳೆಯ ಸಹಾಯದಿಂದ ಇವುಗಳಿಗೆ ಹೊಂದುತ್ತವೆ, ಅಗ್ಗವೂ ಹೌದು. ಆದರೆ ಕೈಯಿಂದಲೇ ತಿರುಗಿಸಿ ಬಿಂಬವನ್ನು ಸರಿಪಡಿಸಬೇಕು. ತುಳಸಿಕಟ್ಟೆಯ ಚಿತ್ರಕ್ಕೆ ಅದು ಚೆನ್ನ, ಓಡಾಡುವ ಮಗುವಿಗೆ ಅಲ್ಲ. ಹಳೆಯದನ್ನು ಕೊಳ್ಳುವವರು ಒಳಗೆ ಟಾರ್ಚಿನ ಬೆಳಕು ಹಾಯಿಸಿ, ಜೇಡರ ಬಲೆಯಂತೆ ಬೂಷ್ಟು ಹಬ್ಬಿದೆಯೇ ನೋಡತಕ್ಕದ್ದು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಹೊಸ ಲೆನ್ಸಿಗೂ ಈ ಪೀಡೆ ತಪ್ಪಿದ್ದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಬೇಕು, ತೊಗಲಿನ ಚೀಲದಲ್ಲಿ ಮಾತ್ರ ಕೂಡದು.

ಮತ್ತೊಂದು ಸಣ್ಣ ಮಾತು. ಈ ಕ್ಯಾಮರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಒಂದಿರುತ್ತದೆ. ಪೂಜೆಯ ಹೊತ್ತಿನಲ್ಲಿ ಇದೇ ಒಳ್ಳೆಯದೆಂದು ಬಳಸಿ, ಚಿತ್ರದ ಮೇಲೆ ಅಡ್ಡಡ್ಡ ಪಟ್ಟೆಗಳನ್ನು ಕಂಡು ಬೆಪ್ಪಾದೆವು. ನಮ್ಮ ದೇಶದ ವಿದ್ಯುತ್ತಿನಲ್ಲಿ ಎಷ್ಟೋ ಎಲ್.ಇ.ಡಿ. ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುವುದೇ ಇದಕ್ಕೆ ಕಾರಣ. ಸದ್ದು ಮಾಡುವ ಯಾಂತ್ರಿಕ ಷಟರನ್ನೇ ಇಟ್ಟು, ಸೆಕೆಂಡಿನ ೧೦೦ನೆಯ ಒಂದಂಶದಲ್ಲಿ ತೆಗೆದರೆ ಪಟ್ಟೆಗಳು ಬರುವುದಿಲ್ಲ.

೫೦ನ್ನು ಸ್ನೇಹಿತರೊಬ್ಬರಿಗೆ ನಷ್ಟದಲ್ಲಿ ಕೊಟ್ಟು, ೩೫ ಎಫ್ ೧.೮ ಒಂದನ್ನು ತಂದು, ೨೦೨೪ರ ದೀಪಾವಳಿಗೆ ಮತ್ತೆ ಅದೇ ನಡುಮನೆಯಲ್ಲಿ ನಿಂತೆವು. ಅದೇ ಕಾಲುದೀಪಗಳು, ತೊಲೆಯ ಅದೇ ವಿದ್ಯುದ್ದೀಪ. ಮೊಮ್ಮಗಳು ಬತ್ತಿಯನ್ನು ಸರಿಮಾಡುತ್ತಿದ್ದಳು. ದೊಡ್ಡಮ್ಮ ಅವಳ ಲಂಗದ ಅಂಚು ದೀಪಕ್ಕೆ ತಾಗದಂತೆ ಹಿಡಿದುಕೊಂಡಿದ್ದರು. ಎಫ್ ೨ಕ್ಕೆ ಇಟ್ಟು ಗುಂಡಿಯನ್ನೊತ್ತಿದೆವು. ಮರುವಾರ ಆ ಚಿತ್ರವನ್ನು ಕಾಗದದ ಮೇಲೆ ಅಚ್ಚುಹಾಕಿಸಿ ತಂದಾಗ ದೊಡ್ಡಮ್ಮ ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇವಳ ಕಿವಿ ನೋಡೋ," ಎಂದರು. "ಥೇಟು ಅವರದೇ. ಇಷ್ಟು ದಿನ ನನಗೆ ಕಂಡೇ ಇರಲಿಲ್ಲ."

ಕದಡಿದ ಆ ಹಳೆಯ ಚಿತ್ರವನ್ನು ಗೋಡೆಯಿಂದ ಇಳಿಸಲು ಅವರು ಒಪ್ಪಲಿಲ್ಲ. ಅದರ ಪಕ್ಕದಲ್ಲಿಯೇ ಹೊಸದಕ್ಕೊಂದು ಮೊಳೆ ಹೊಡೆಸಿದ್ದಾರೆ.