ಕಬ್ಬಿನ ಡಬಲ್ ಟ್ರಾಲಿ: ಹಿಂದೆ ಬರುವವರಿಗೆ ಕಾಣುತ್ತಿದೆಯೇ?

ಉಮರ್ಗಾ: ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಗಡಿಭಾಗದ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಸಕ್ಕರೆ ಕಾರಖಾನೆಗಳ ಹಂಗಾಮು ಶುರುವಾಗಿ ಮುರುಮ–ಆಳಂದ, ನಿಲಂಗಾ–ಭಾಲ್ಕಿ, ಉದಗೀರ–ಕಮಲನಗರ–ಬೀದರ, ಎತ್ತ ಹೋದರೂ ಮುಂದೆ ಕಬ್ಬು ತುಂಬಿದ ಟ್ರಾಕ್ಟರ್. ಅದರ ಹಿಂದೆ ಒಂದಲ್ಲ, ಎರಡು ಟ್ರಾಲಿ.

ಉದ್ದನೆಯ ವಾಹನ ಎಂದರೆ ಈಗ ಎಲ್ಲರೂ 'ರೋಡ್ ಟ್ರೇನ್' ಬಗ್ಗೆ ಮಾತಾಡುತ್ತಾರೆ. ಒಂದು ಲಾರಿಗೆ ಎರಡು ಪೆಟ್ಟಿಗೆ ಜೋಡಿಸಿದ, 25.25 ಮೀಟರ್ ತನಕ ಉದ್ದವಿರಬಹುದಾದ ಇಂಥ ವಾಹನಕ್ಕೆ 2025ರಲ್ಲಿ ನಾಗಪುರದಲ್ಲಿ ಹಸಿರು ನಿಶಾನೆ ತೋರಿಸಲಾಯಿತು. ಆಸ್ಟ್ರೇಲಿಯಾದ ಒಳನಾಡಿನಲ್ಲಿ 53.5 ಮೀಟರ್ ಉದ್ದದವೂ ಓಡುತ್ತವೆ. ಆದರೆ ಅಲ್ಲಿ ಪ್ರತಿ ಟ್ರೇಲರಿಗೂ ಅದರದೇ ಬ್ರೇಕ್, ಅದರದೇ ದೀಪ. ಯಾವ ರಸ್ತೆಯಲ್ಲಿ ಓಡಬೇಕೆಂಬುದೂ ಮೊದಲೇ ಗೊತ್ತು. ನಮ್ಮ ಡಬಲ್ ಟ್ರಾಲಿ ಅದರ ಮುಂದೆ ಗಿಡ್ಡ. ಟ್ರಾಕ್ಟರ್ ಸೇರಿ ಸುಮಾರು 50 ಅಡಿ ಆದೀತು. ಹಾಗಿದ್ದೂ ಪ್ರತಿ ಹಂಗಾಮಿನಲ್ಲಿ ನಮ್ಮ ಹಳ್ಳಿಗಳ ಹುಡುಗರು ಬೈಕ್ ಸಮೇತ ಅದರ ಹಿಂಭಾಗಕ್ಕೇ ಹೋಗಿ ಬಡಿಯುತ್ತಾರೆ. ಏಕೆ?

ಲೆಕ್ಕ ಹಾಕಿ ನೋಡಿ. ಬೈಕ್ ತಾಸಿಗೆ 60 ಕಿಲೋಮೀಟರ್ ವೇಗದಲ್ಲಿದೆ. ಅಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಏನೋ ಕಂಡು, ಅದು ಟ್ರಾಲಿ ಎಂದು ತಿಳಿದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಎರಡು ಸೆಕೆಂಡ್ ಹೋಗುತ್ತದೆ, ಬೈಕ್ 33 ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ 20–25 ಮೀಟರ್ ಬೇಕು. ಒಟ್ಟು 55 ಮೀಟರ್ ಹತ್ತಿರ. ಡಿಪ್ಪರ್ ಹಾಕಿದ ಬೈಕಿನ ಬೆಳಕು ಅಷ್ಟು ದೂರ ಸರಿಯಾಗಿ ಬೀಳುವುದಿಲ್ಲ. ಎದುರಿನಿಂದ ಲಾರಿ ಬಂತೆಂದರೆ ಅದೂ ಇಲ್ಲ. ಟ್ರಾಲಿಯ ಹಿಂದೆ ಕಬ್ಬಿನ ಒಣ ರವದಿ ಜೋತುಬಿದ್ದು ದೀಪವಿದ್ದರೂ ಮುಚ್ಚಿಹೋಗಿರುತ್ತದೆ, ಬಣ್ಣವೂ ಕತ್ತಲೆಯದೇ. ಡಿಸೆಂಬರ್–ಜನವರಿಯ ಇಬ್ಬನಿ ಬೇರೆ. ಮದುವೆಯೊಂದಕ್ಕೆ ಹೋಗಿ ರಾತ್ರಿ ಮರಳುವಾಗ ನಾನೇ ಒಮ್ಮೆ ಹೀಗೆ ನಿಂತ ಟ್ರಾಲಿಗೆ ಎರಡು ಮಾರು ದೂರದಲ್ಲಿ ಗಾಡಿ ನಿಲ್ಲಿಸಿದ್ದೇನೆ. ನಿಲ್ಲಿಸಿದೆ ಅನ್ನುವುದಕ್ಕಿಂತ ನಿಂತಿತು ಅನ್ನಬೇಕು.

ಓಡುವ ಟ್ರಾಲಿಗಿಂತ ನಿಂತ ಟ್ರಾಲಿ ಕೆಟ್ಟದ್ದು. ಪಂಕ್ಚರ್ ಆಯಿತು, ಹುಕ್ಕಿನ ಪಿನ್ ಮುರಿಯಿತು, ಡಿಜೆಲ್ ಮುಗಿಯಿತು, ಏರು ಹತ್ತಲಿಲ್ಲವೆಂದು ಒಂದು ಟ್ರಾಲಿ ಬಿಟ್ಟು ಹೋಗಿದ್ದೂ ಉಂಟು. ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ಟ್ರಾಲಿ ಹೋದ ಮೇಲೆ ಆ ಕಲ್ಲು ರಸ್ತೆಯಲ್ಲೇ ಉಳಿದು ಇನ್ನೊಬ್ಬರನ್ನು ಬೀಳಿಸುತ್ತದೆ.

ಇನ್ನು ಬ್ರೇಕ್. ಟ್ರಾಕ್ಟರ್ ತೂಗುವುದು ಎರಡು–ಎರಡೂವರೆ ಟನ್. ಎರಡು ಟ್ರಾಲಿಯ ಕಬ್ಬು ಇಪ್ಪತ್ತು ಟನ್ ದಾಟುವುದು ಹೊಸದೇನಲ್ಲ. ಬಹಳಷ್ಟು ಟ್ರಾಲಿಗಳಿಗೆ ಬ್ರೇಕೇ ಇಲ್ಲ, ಇದ್ದರೂ ನಡೆಯುವುದಿಲ್ಲ. ಇಳಿಜಾರಿನಲ್ಲಿ ಅಷ್ಟೂ ಭಾರ ಹಿಂದಿನಿಂದ ನೂಕುತ್ತದೆ, ಟ್ರಾಕ್ಟರ್ ಅಡ್ಡ ತಿರುಗುತ್ತದೆ. ಏರಿನಲ್ಲಿ ತಿರುವುಮುರುವು, ಮುಂದಿನ ಗಾಲಿ ಮೇಲೇಳುತ್ತದೆ. ಮುಂದೆ ಸ್ವಲ್ಪ ಸ್ಟಿಯರಿಂಗ್ ಎಳೆದರೂ ಎರಡನೇ ಟ್ರಾಲಿ ಬಾಲದಂತೆ ಬೀಸುತ್ತದೆ. ಅದಕ್ಕೇ ಅದನ್ನು ದಾಟುವಾಗ ಮೈಮರೆಯಬಾರದು. ಟ್ರಾಕ್ಟರ್ 18ರ ವೇಗದಲ್ಲಿದ್ದು ನೀವು 50ರಲ್ಲಿ ದಾಟಿದರೂ ಐದಾರು ಸೆಕೆಂಡ್ ಬೇಕು. ಅಷ್ಟರಲ್ಲಿ ಎದುರಿನ ವಾಹನವೂ ಓಡಿ ಬರುತ್ತದೆ. ಮುಂದೆ 170 ಮೀಟರಿನಷ್ಟಾದರೂ ರಸ್ತೆ ಖಾಲಿ ಕಾಣಬೇಕು. ನಮ್ಮ ತಿರುವುಗಳಲ್ಲಿ ಅಷ್ಟು ಎಲ್ಲಿ ಕಾಣುತ್ತದೆ?

ತಪ್ಪೆಲ್ಲ ಡ್ರೈವರನದು ಎನ್ನುವುದು ಸುಲಭ. ಕಾರಖಾನೆಯ ಗೇಟಿನಲ್ಲಿ ಪಾಳಿ ಹಚ್ಚಿ ರಾತ್ರಿಯೆಲ್ಲ ನಿಂತವನು ಅವನು. ಬಾಡಿಗೆ ಟನ್ ಲೆಕ್ಕದಲ್ಲಿ. ಕಡಿದ ಕಬ್ಬು ಒಣಗಿದರೆ ರೈತನಿಗೆ ತೂಕ ಹೋಗುತ್ತದೆ, ಆದ್ದರಿಂದ ನಾವೇ ಅವನಿಗೆ ಇನ್ನೊಂದು ಸಾಲು ಹೇರು, ಇನ್ನೊಂದು ಖೇಪು ಹೊಡಿ ಎನ್ನುತ್ತೇವೆ. ನಾಲ್ಕು ಪಥದ ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ (ಹಿಂದೆ 9, ಈಗ 65) ಸುತ್ತು ಉಳಿಸಲು ಉಲ್ಟಾ ಬದಿಯಿಂದ ಬರುವವರು ಮಾತ್ರ ಯಾವ ಕಾರಣ ಹೇಳಿದರೂ ಒಪ್ಪುವಂತಿಲ್ಲ.

ಕಾನೂನು ಇದೆ. ಹೊಳೆಯುವ ಪಟ್ಟಿ ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ ಇರಬೇಕು. 2019ರ ತಿದ್ದುಪಡಿಯ ನಂತರ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಮಾಲು ಬದಿಗೆ ಚಾಚಿಕೊಂಡಿದ್ದರೂ 20,000. ಹಂಗಾಮಿನಲ್ಲಿ ಇದನ್ನು ಎಷ್ಟು ಜನ ಕಟ್ಟುತ್ತಾರೆಂಬುದನ್ನು ಓದುಗರೇ ಬಲ್ಲರು. ಮಾಲಕರು ಮರೆಯುವ ಇನ್ನೊಂದು ಮಾತು: ಟ್ರಾಲಿಗೂ ನೋಂದಣಿ ಬೇಕು, ವಿಮೆಯಲ್ಲಿ ಅದೂ ಸೇರಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮಾ ಕಂಪನಿ ಕೈ ಎತ್ತಬಹುದು, ಆಗ ಪರಿಹಾರಕ್ಕೆ ಹೊಲ ಮಾರುವ ಪ್ರಸಂಗ ಬರುತ್ತದೆ.

ಆಗಬೇಕಾದ ಕೆಲಸ ದೊಡ್ಡದಲ್ಲ. ಎರಡನೇ ಟ್ರಾಲಿಯ ಹಿಂದೆ ಅಗಲಕ್ಕೂ ಕೆಂಪು ಪಟ್ಟಿ, ರವದಿಯ ಕೆಳಗೆ ಕಾಣುವಂತೆ ಎರಡು ದೀಪ, ಪಿನ್ನಿನ ಜೊತೆಗೆ ಒಂದು ಸರಪಳಿ. ಕಬ್ಬು ಹೇರಿದ ಮೇಲೆ ಪಟ್ಟಿ ಮುಚ್ಚಿಲ್ಲವೆಂದು ಮುಕಾದಮ ಒಮ್ಮೆ ಹಿಂದೆ ಹೋಗಿ ನೋಡಬೇಕು. ಕೆಟ್ಟು ನಿಂತರೆ ಡಾಂಬರಿನಿಂದ ಕೆಳಗೆ ಇಳಿಸಬೇಕು, ಆಗದಿದ್ದರೆ ಐವತ್ತು ಹೆಜ್ಜೆ ಹಿಂದಕ್ಕೆ ಹೊಳೆಯುವ ತ್ರಿಕೋನ ಇಡಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬಹುದು, ಪೆಟ್ಟಾಗಿದ್ದರೆ ಗಡಿಯ ಎರಡೂ ಕಡೆ 108. ಪಟ್ಟಿ, ದೀಪದ ಕೆಲಸವನ್ನು ದಸರೆಯ ಹೊತ್ತಿಗೆ ಟ್ರಾಲಿ ವೆಲ್ಡಿಂಗ್ ಅಂಗಡಿಯಲ್ಲಿ ನಿಂತಿರುವಾಗಲೇ ಮಾಡಿಸಬೇಕು. ಒಮ್ಮೆ ತೋಡಣಿ ಶುರುವಾಯಿತೆಂದರೆ ಮಾರ್ಚ್ ತನಕ ಯಾರಿಗೂ ಪುರಸೊತ್ತು ಇರುವುದಿಲ್ಲ.